ಉಪ್ಪಿನ ಚೀಲ ಫಾರ್ವರ್ಡ್ ಆದ ಕತಿ

ನೀವು ಸಿನ್ನರಿಗೆ ಹೋಗಿ ಬಂದೀರಿ. ಇಲ್ಲ ಅನಬ್ಯಾಡ್ರಿ, ನನಗ ಗೊತ್ತದ. ಶಿರಡಿ ದರ್ಶನ ಮುಗಿಸಿ, ನಾಶಿಕ್ ಹಾದಿ ಹಿಡಿದು, ತ್ರ್ಯಂಬಕೇಶ್ವರಕ್ಕ ಹೊಂಟಿದ್ರಿ. ಟೆಂಪೊ ಟ್ರಾವೆಲರಿನ್ಯಾಗ ಹದಿನಾರು ಮಂದಿ, ನಡುವ ಅವಲಕ್ಕಿ ಚೂಡಾದ ಡಬ್ಬಿ. ಡ್ರೈವರ್ ಎಲ್ಲೋ ಒಂದು ಕಡೆ ಗಾಡಿ ನಿಲ್ಲಿಸಿದ. ಇಳಿದ್ರಿ, ವಡಾಪಾವ್ ತಿಂದ್ರಿ, ‘ಇವರ ಚಹಾಕ್ಕ ಸಕ್ಕರಿ ಜಾಸ್ತಿ’ ಅಂತ ತೀರ್ಪು ಕೊಟ್ರಿ, ಹತ್ತಿದ್ರಿ. ಅದ ಸಿನ್ನರ್.

(ಬೇಕಾದ್ರ ಫೋನ್ ತಗದು ಆವತ್ತಿನ ಫೋಟೊ ನೋಡ್ರಿ. ವಡಾಪಾವ್‌ದು ಆರು ಅವ. ಊರಿಂದು ಒಂದೂ ಇಲ್ಲ.)

ಊರೊಳಗ ಹೊಕ್ಕಿದ್ರ ಗೋಂದೇಶ್ವರ ಗುಡಿ ಸಿಗ್ತಿತ್ತು. ಕರೀ ಕಲ್ಲಿಂದು. ಎತ್ತರದ ಜಗಲಿ ಮ್ಯಾಲೆ ನಡುವ ಶಿವನ ದೊಡ್ಡ ಗುಡಿ, ನಾಕೂ ಮೂಲಿಗೆ ಸೂರ್ಯ, ವಿಷ್ಣು, ಪಾರ್ವತಿ, ಗಣಪತಿಗೆ ಒಂದೊಂದು ಸಣ್ಣ ಗುಡಿ (ಫ್ಯಾಮಿಲಿ ಪ್ಯಾಕ್), ಮುಂದ ನಂದಿ ಮಂಟಪ. ಶಿಖರದ ಮೈಮ್ಯಾಲೆ ಸಣ್ಣ ಸಣ್ಣ ಶಿಖರಗಳನ್ನ ಸಾಲಾಗಿ ಪೋಣಿಸಿ ಮ್ಯಾಲೇರಿಸ್ಯಾರ. ಬಲ್ಲವರು ಅದಕ್ಕ ಭೂಮಿಜ ಶೈಲಿ ಅಂತಾರ.

ನಾನು ಹೋದ ದಿನ ಬಿಸಿಲು ಇಳೀತಿತ್ತು. ನಂದಿ ಮಂಟಪದ ನೆರಳಿನ್ಯಾಗ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಆ ಹೊತ್ತಿನ್ಯಾಗ ಅಲ್ಲಿ ಫೋನ್ ನೋಡದ ಜೀವ ಅದೊಂದ. (ನಾನು? ಗುಡಿ ಮುಂದ ನಿಂತು, ಗುಡಿಗೆ ಬೆನ್ನು ತಿರುಗಿಸಿ, ಗುಡಿ ಬಗ್ಗೆ ಗೂಗಲ್ ಮಾಡ್ಲಿಕತ್ತಿದ್ದೆ.)

ಈ ಊರು ಒಂದು ಕಾಲಕ್ಕ ರಾಜಧಾನಿ ಆಗಿತ್ರೀ. ಒಂಬತ್ತನೇ ಶತಮಾನದ ಸೇವುಣಚಂದ್ರ ಅನ್ನೋ ಅರಸ ತನ್ನ ಹೆಸರಿಲೇ ಕಟ್ಟಿದ ಸೇವುಣಪುರ ಇದ ಅಂತ ಇತಿಹಾಸಕಾರರು ಗುರುತಿಸ್ಯಾರ. ನಿಮ್ಮ ಓಣಿ ಕಾರ್ಪೊರೇಟರ್ ಬಸ್‌ಸ್ಟಾಪಿನ ತಗಡಿಗೆ ತನ್ನ ಹೆಸರು ಬರೆಸ್ಕೋತಾನಲ್ಲ, ಹಂಗ. ಇಂವಾ ಇಡೀ ಊರಿಗೇ ಬರಸಿದ. ಸಾವಿರ ವರ್ಷ ಮಂದಿ ಬಾಯಾಗ ಆಟೊಕರೆಕ್ಟ್ ಆಗಿ ಆಗಿ ಅದು ಸಿನ್ನರ್ ಆತು.

ಅವನ ವಂಶದವರ ಹೆಸರು ಕೇಳ್ರಿ: ಧಾಡಿಯಪ್ಪ, ವಡ್ಡಿಗ, ವೇಸುಗಿ, ಭಿಲ್ಲಮ. ಎರಡನೇ ಭಿಲ್ಲಮನ ರಾಣಿ ಲಚ್ಚಿಯವ್ವೆ. ಯಾಕ, ನಕ್ಕೀರಿ? ನಿಮ್ಮ ಗದಗಿನ ಸೋದರತ್ತಿ ಹೆಸರು ಲಚ್ಚವ್ವ ಅಲ್ಲೇನು?

ಈಗ ನಿಮ್ಮ ತಲ್ಯಾಗ ಏನು ಓಡ್ಲಿಕತ್ತದ ಅದೂ ಗೊತ್ತು. ‘ಆ ಕಾಲಕ್ಕ ಮೊಬೈಲ್ ಇದ್ದಿದ್ರ ಇವರೆಲ್ಲ ಏನೇನು ಪೋಸ್ಟ್ ಹಾಕ್ತಿದ್ರೋ!’ ಅಲ್ರೀ, ಇದ್ದಿಲ್ಲ ಅಂತ ನಿಮಗ ಯಾರು ಹೇಳಿದ್ರು? ಇತ್ತು. ಕಲ್ಲಿಂದಿತ್ತು, ಅಷ್ಟ. ಚಾರ್ಜ್ ಬೇಕಿದ್ದಿಲ್ಲ, ಡಿಲೀಟ್ ಫಾರ್ ಎವರಿಒನ್ ಇದ್ದಿಲ್ಲ.

ಶಾಸನ ಅಂದ್ರ ಏನು ಅನ್ಕೊಂಡೀರಿ? ಮೊದಲು ಬಯೋ. ಸೇವುಣರ ಬಯೋ ಹಿಂಗ: ಯಾದವನಾರಾಯಣ, ಪ್ರೌಢಪ್ರತಾಪ ಚಕ್ರವರ್ತಿ, ದ್ವಾರಾವತೀಪುರವರಾಧೀಶ್ವರ. ಓದೂದ್ರಾಗ ಉಸಿರು ಹತ್ತತದ. (ನಿಮ್ಮದೂ ನೋಡೇನಿ ಬಿಡ್ರಿ. ಕೆಲಸ ಬ್ಯಾಂಕಿನ್ಯಾಗ. ಬಯೋದಾಗ ‘ಚಿಂತಕ, ಅಲೆಮಾರಿ, ಕಾಫಿಪ್ರೇಮಿ’.)

ಆಮ್ಯಾಲೆ ಬಡಾಯಿ. ಐಹೊಳೆಯ ಮೇಗುಟಿ ಗುಡಿ ಗ್ವಾಡಿ ಮ್ಯಾಲೆ 634ರಾಗ ರವಿಕೀರ್ತಿ ಪುಲಕೇಶಿ ಮಹಾರಾಜನ್ನ ಹೊಗಳಿ ಹೊಗಳಿ ಬರದ. ಹರ್ಷ ಸೋತ, ಅವನ ಹರ್ಷ ಹಾರಿಹೋತು ಅಂತ ಪನ್ ಬ್ಯಾರೆ. ಕಡೀಕ ಮೆಲ್ಲಕ ತನ್ನನ್ನೂ ಟ್ಯಾಗ್ ಮಾಡ್ಕೊಂಡ: ಕೀರ್ತಿಯೊಳಗ ತಾನು ಕಾಳಿದಾಸ, ಭಾರವಿಯ ಸಮ ಅಂತ. ರಾಜನ ಪೋಸ್ಟಿನ್ಯಾಗ ತನ್ನ ಸೆಲ್ಫಿ! ನಿಮ್ಮ ಗೆಳೆಯಾನ ಮಗಳ ಮದುವಿ ಫೋಟೊಕ್ಕ ಶುಭ ಕೋರೋವಾಗ ನಿಮ್ಮ ಹೊಸ ಕೋಟಿನ ಫೋಟೊ ಹಾಕಿದ್ರಲ್ಲ, ಅದರ ಮೂಲಪುರುಷ ಇಂವ.

ಇನ್ನ ಕಡೀ ಸಾಲು ಅಂದ್ರ ಶಾಪ. ಈ ದಾನಕ್ಕ ಕೈ ಹಚ್ಚಿದವರು ಅರವತ್ತು ಸಾವಿರ ವರ್ಷ ಹೇಲಿನ್ಯಾಗ ಹುಳ ಆಗಿ ಹುಟ್ಟಲಿ ಅಂತ ಒಂದಲ್ಲ, ನೂರಾರು ಶಾಸನದಾಗ ಅದ. ‘ಈ ಮೆಸೇಜ್ ಹತ್ತು ಗ್ರೂಪಿಗೆ ಕಳಿಸ್ರಿ, ಇಲ್ಲಂದ್ರ ಮನ್ಯಾಗ ಅಶುಭ’ ಅಂತ ನಿಮಗ ಬರ್ತದಲ್ಲ, ಅದು ಇದರ ಮೊಮ್ಮಗ. ನೀವು ನಂಬೂದಿಲ್ಲ. ಆದ್ರೂ ಕಳಿಸ್ತೀರಿ. (ಹತ್ತಲ್ಲ, ಹನ್ನೊಂದು. ಒಂದು ಡೆಲಿವರಿ ಆಗ್ಲಿಲ್ಲಂದ್ರ ಅಂತ.)

ಮಹಾರಾಷ್ಟ್ರದ ಕಡೆ ಇದಕ್ಕಿಂತ ಖಡಕ್ ಒಂದು ಅದ, ಗಧೇಗಾಳ ಅಂತ. ಅದ್ರಾಗ ಶಾಪಾನ ಬರದು ಬಿಟ್ಟಿಲ್ಲ, ಕತ್ತೆ ಸಮೇತ ಚಿತ್ರ ಕೆತ್ತ್ಯಾರ. ಅದನ್ನ ಫ್ಯಾಮಿಲಿ ಗ್ರೂಪಿಗೆ ಕಳಿಸೋ ಹಂಗಿಲ್ಲ. ಕಾಕಾನ ಪ್ರೈವೇಟ್ ಗ್ರೂಪಿಗೆ ನಡೀತದ.

ಎಲ್ಲಾಕಿಂತ ನನಗ ಮನಸ್ಸಿಗೆ ಹತ್ತಿದ್ದು ವೇರುಳದ ಕೈಲಾಸದ ಪೋಸ್ಟು. ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು, ಗುಡ್ಡಾನ ಮ್ಯಾಲಿಂದ ಕೆಳಗ ಕಡಕೋತ ಬಂದು ಮಾಡಿದ ಗುಡಿ. ಅವನ ವಂಶದ ಕರ್ಕರಾಜನ ಬಡೋದಾ ತಾಮ್ರಪಟ (812) ಏನು ಹೇಳ್ತದ ಗೊತ್ತೇನು? ಕಟ್ಟಿದ ಶಿಲ್ಪೀನೇ ಅದನ್ನ ನೋಡಿ ‘ಇದನ್ನ ಹೆಂಗ ಮಾಡಿದೆನಪ್ಪಾ ನಾನು’ ಅಂತ ಬೆರಗಾದನಂತ. ತನ್ನ ಪೋಸ್ಟಿಗೆ ತಾನ ಲೈಕ್ ಒತ್ತೂದು ಅಂದ್ರ ಇದು. ಅಂವಗ ಹಕ್ಕಿತ್ತು, ಒತ್ತಿದ.

ನೀವೇನು ಮಾಡಿದ್ರಿ? ಕೈಲಾಸ ಏಲಿಯನ್ ಕಟ್ಟಿದ್ದು ಅಂತ ಹದಿನೆಂಟು ನಿಮಿಷದ ವಿಡಿಯೊ ಬಂತು. ಪೂರ್ತಿ ನೋಡಿದ್ರಿ. ‘ಇರಬಹುದು’ ಅಂದ್ರಿ. ಕನ್ನಡದ ಅರಸನ ಕಾಲಕ್ಕ ಉಳಿ ಹಿಡಿದವರು ಮಾಡಿದ್ದು ಅಂದ್ರ ನಿಮಗ ನಂಬಿಕಿ ಬರೂದಿಲ್ಲ. ಮ್ಯಾಲಿಂದ ಬಂದವರು ಮಾಡಿದ್ದು ಅಂದ್ರ ಗಪ್‌ಚುಪ್ ನಂಬ್ತೀರಿ.

ಈಗ ಅಸಲ ಜಗಳಕ್ಕ ಬರೂಣು. ಸೇವುಣರು ಕನ್ನಡದವರೋ ಮರಾಠಿಯವರೋ? ಕೇಳಿದ್ದ ತಡ, ನಿಮ್ಮ ಹೆಬ್ಬಟ್ಟು ತುರಸಲಿಕ್ಕೆ ಹತ್ತಿತು. ರಾತ್ರಿ ಹನ್ನೊಂದಕ್ಕ ಲೈಟ್ ಆರಿಸಿ, ಹಾಸಿಗ್ಯಾಗ ಬಿದ್ದು, ಗುರ್ತಿಲ್ಲದ ಪುಣೆ ಹುಡುಗನ ಜೋಡಿ ಕಮೆಂಟಿನ್ಯಾಗ ಕುಸ್ತಿ. ಮನಿಯವರು ‘ಮಲಕೋರಿ ಸಾಕು’ ಅಂದ್ರ, ‘ನಾಡಿನ ಪ್ರಶ್ನೆ’ ಅಂತೀರಿ.

ಸೇವುಣರ ಶಾಸನಗಳೊಳಗ ಹೆಚ್ಚಿನವು ಕನ್ನಡದಾಗ ಅವ, ಖರೆ. ಅವರ ಕಡೀ ಕಾಲಕ್ಕ ಮರಾಠಿ ಸಾಹಿತ್ಯ ಅವರ ನಾಡಿನ್ಯಾಗ ಅರಳಿತು, ಅದೂ ಖರೆ. 1290ರಾಗ ನೇವಾಸದಾಗ ಕೂತು ಜ್ಞಾನೇಶ್ವರಿ ಮುಗಿಸಿದ ಜ್ಞಾನದೇವ, ಆಳುವ ಅರಸ ರಾಮಚಂದ್ರ ಅಂತ ಹೆಸರು ಹಿಡಿದ ಬರದಾನ. ಮತ್ತ ಸೇವುಣರ ಚಿನ್ನದ ನಾಣ್ಯದ ಮ್ಯಾಲೆ ಕನ್ನಡ ಅಕ್ಷರನೂ ಅವ, ನಾಗರೀನೂ ಅವ. ಒಂದ ನಾಣ್ಯ, ಎರಡೂ ಕಡೆ ಚಲಾವಣಿ. ರೊಕ್ಕದ ವಿಷಯದಾಗ ಅವರು ಜಗಳ ಆಡಲಿಲ್ಲ ನೋಡ್ರಿ.

ಧಾರವಾಡದ ಶ್ರೀನಿವಾಸ ರಿತ್ತಿಯವರು ಸೇವುಣರ ಮ್ಯಾಲೆ ಇಡೀ ಒಂದು ಪುಸ್ತಕ ಬರದ್ರು, 1973ರಾಗ. ಅದನ್ನ ಓದಿದವರು ಕಮೆಂಟ್ ಹಾಕೂದಿಲ್ಲ. ಕಮೆಂಟ್ ಹಾಕೋರು ಓದಿಲ್ಲ. ನೀವು ಯಾವ ಪಾರ್ಟಿ ಅಂತ ನಾ ಕೇಳೂದಿಲ್ಲ.

ಅತ್ತಾಗ ದಕ್ಷಿಣಕ್ಕ ಹೊಯ್ಸಳರು. ಅವರ ಬಯೋ ತಗದು ನೋಡಿದ್ರ ಅಲ್ಲೂ ಯದುವಂಶ, ಅಲ್ಲೂ ದ್ವಾರಾವತೀಪುರವರಾಧೀಶ್ವರ! ಒಂದ ಅಡ್ಡಹೆಸರು, ಎರಡು ಅಕೌಂಟ್. ಎರಡೂ ಮನಿಯವರು ‘ನಾವ ಒರಿಜಿನಲ್’ ಅನ್ನೋರು. 1191ರ ಸುಮಾರಿಗೆ ಗದಗಿನ ಹತ್ರ ಸೊರಟೂರಿನ್ಯಾಗ ವೀರಬಲ್ಲಾಳ ಐದನೇ ಭಿಲ್ಲಮನ್ನ ಸೋಲಿಸಿದ. ಆಮ್ಯಾಲಿನ ಒಂದು ಹೊಯ್ಸಳ ಶಾಸನದಾಗ, ಭಿಲ್ಲಮನ ತಲೀನ ಸಾಣಿಕಲ್ಲು ಮಾಡ್ಕೊಂಡು ಬಲ್ಲಾಳ ಕತ್ತಿ ಮಸದ ಅಂತ ಸ್ಟೇಟಸ್. ಆಸ್ತಿ ಪಾಲಾದ ಮ್ಯಾಲೆ ಅಣ್ಣತಮ್ಮಂದಿರು ಹಾಕೋ ಸ್ಟೇಟಸ್ ಹಂಗ ಇಲ್ಲೇನ್ರಿ? ಹೆಸರೊಂದು ಹಾಕೂದಿಲ್ಲ ನೀವು, ‘ಕೆಲವರಿಗೆ’ ಅಂತೀರಿ. ಬಲ್ಲಾಳಗ ಆ ಅಂಜಿಕಿ ಇದ್ದಿಲ್ಲ.

(ನಡುವ ಒಂದು. ಇದ ಸೇವುಣರ ಸಿಂಘಣನ ಆಸ್ಥಾನದಾಗ ಕೂತು ಶಾರ್ಙ್ಗದೇವ ಸಂಗೀತ ರತ್ನಾಕರ ಬರದ. ಹಿಂದೂಸ್ತಾನಿ, ಕರ್ನಾಟಕ ಎರಡೂ ಕಡೆ ಸಂಗೀತಗಾರರು ಇವತ್ತಿಗೂ ಅದಕ್ಕ ಕೈ ಮುಗೀತಾರ. 1207ರಾಗ ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವ ಅಜ್ಜನ ಗಣಿತ ಕಲಿಸ್ಲಿಕ್ಕೆ ಒಂದು ಮಠಾನ ಮಾಡಿಸಿದ. ಈ ಎರಡು ಪೋಸ್ಟಿಗೆ ಲೈಕ್ ಎಷ್ಟು? ನಿಮ್ಮದು ಬಂದಿಲ್ಲ. ಭಾಸ್ಕರಾಚಾರ್ಯ ವಿಜಾಪುರದವನೋ ಚಾಳೀಸಗಾಂವ ಕಡೆಯವನೋ ಅನ್ನೋ ಪೋಸ್ಟಿಗೆ ನಿಮ್ಮ ಕಮೆಂಟ್ ನಾಕು.)

ಗೋಂದೇಶ್ವರಕ್ಕ ತಿರುಗಿ ಬರ್ತೀನಿ. ಅಲ್ಲಿ ಒಬ್ಬರನ್ನ ಕೇಳಿದೆ, ಯಾರು ಕಟ್ಟಿಸಿದ್ದು ಅಂತ. ‘ಹೇಮಾಡಪಂತಿ ಆಹೆ’ ಅಂದ್ರು. ಮಹಾರಾಷ್ಟ್ರದಾಗ ಯಾವ ಹಳೇ ಕಲ್ಲಿನ ಗುಡಿ ಮುಂದ ನಿಂತು ಕೇಳಿದ್ರೂ ಇದ ಉತ್ತರ. ಹೇಮಾಡಪಂತ ಉರ್ಫ್ ಹೇಮಾದ್ರಿ ಅಂದ್ರ ಮಹಾದೇವ, ರಾಮಚಂದ್ರ ಇಬ್ಬರು ಅರಸರ ಮಂತ್ರಿ, ಹದಿಮೂರನೇ ಶತಮಾನದವ. ಗುಡಿ ಹನ್ನೊಂದು–ಹನ್ನೆರಡನೇ ಶತಮಾನದ್ದು ಅಂತಾರ. ಮನಷಾ ಹುಟ್ಟೂಕಿಂತ ಮೊದಲ ಟ್ಯಾಗ್ ಆಗ್ಯಾನ!

ನಗಬ್ಯಾಡ್ರಿ. ನಿಮ್ಮ ಜಕಣಾಚಾರಿ ಏನು? ಬೇಲೂರು ಅವಂದು, ಹಳೇಬೀಡು ಅವಂದು, ಕೈದಾಳ ಅವಂದು, ನಿಮ್ಮೂರ ಕೆರಿ ದಂಡಿ ಮ್ಯಾಲಿನ ಮೂಗು ಮುರಿದ ಬಸವಣ್ಣನೂ ಅವಂದ. ಒಬ್ಬ ಮನಷಾ ಮುನ್ನೂರು ವರ್ಷ ಉಳಿ ಹಿಡಿದು ಕರ್ನಾಟಕ ತುಂಬ ಓಡಾಡ್ಯಾನ, ಬಸ್ಸಿಲ್ಲದ ಕಾಲಕ್ಕ. ಅತ್ತ ಅವರಿಗೆ ಹೇಮಾಡಪಂತ, ಇತ್ತ ನಮಗ ಜಕಣಾಚಾರಿ, ಮತ್ತ ವಾಟ್ಸಾಪಿನ ಒಳ್ಳೇ ಮಾತಿಗೆಲ್ಲ ಅಬ್ದುಲ್ ಕಲಾಂ.

ಇನ್ನ ಉಪ್ಪಿನ ಚೀಲ. ಇದಕ್ಕ ಸ್ವಲ್ಪ ಸಾವಕಾಶ ಕೂಡ್ರಿ, ಚಹಾ ಬೇಕಾದ್ರ ತರಿಸ್ಕೋರಿ.

1296. ಸೇವುಣರ ರಾಜಧಾನಿ ಸಿನ್ನರ್ ಬಿಟ್ಟು ದೇವಗಿರಿಗೆ ಹೋಗಿ ನೂರು ವರ್ಷದ ಮ್ಯಾಲಾಗಿತ್ತು. (ನೀವು ಅದನ್ನೂ ನೋಡೀರಿ. ಘೃಷ್ಣೇಶ್ವರಕ್ಕ ಹೋಗೋವಾಗ ಗಾಡಿ ಖಿಡಕಿಯೊಳಗಿಂದ. ದೌಲತಾಬಾದ್ ಕೋಟಿ ಅಂತ ಡ್ರೈವರ್ ಬಟ್ಟು ಮಾಡಿ ತೋರಿಸಿದ, ನೀವು ‘ಹತ್ತಬೇಕಾಗತದ?’ ಅಂದ್ರಿ.) ಅರಸ ರಾಮಚಂದ್ರ. ಸೈನ್ಯದ ದೊಡ್ಡ ಪಾಲು ಮಗ ಶಂಕರದೇವನ ಜೋಡಿ ಹೊರಗ ಹೋಗಿತ್ತು. ಇಂಥಾ ಹೊತ್ತಿನ್ಯಾಗ ಕಡಾದ ಸುಬೇದಾರ ಅಲ್ಲಾವುದ್ದೀನ ಖಿಲ್ಜಿ ಎಂಟು ಸಾವಿರ ಕುದುರಿ ತಗೊಂಡು ಹೊಂಟ. ದಿಲ್ಲಿ ಸುಲ್ತಾನ ಅಂದ್ರ ಅವನ ಕಾಕಾ. ಕಾಕಾಗ ಸುದ್ದಿ ಇಲ್ಲ. ಲಾಸ್ಟ್ ಸೀನ್ ಆಫ್.

ಹಾದ್ಯಾಗ ಎಲಿಚಪುರದಾಗ ಮಂದಿ ಕೇಳಿದ್ರ, ಕಾಕಾನ ಜೋಡಿ ಮುನಿಸಾಗಿ ರಾಜಮಹೇಂದ್ರಿ ಅರಸನ ಹತ್ರ ಚಾಕ್ರಿಗೆ ಹೊಂಟೀನಿ ಅಂತ ಸುದ್ದಿ ಹಬ್ಬಿಸಿದ. ಇದು ಒಂದನೇ ಫೇಕ್ ನ್ಯೂಸ್. ಎಲ್ಲಾರೂ ನಂಬಿದ್ರು. ಪಾಪ, ಮನಿ ಜಗಳದ ಸುದ್ದಿ ಅಂದ್ರ ನೀವಾದ್ರೂ ಎರಡನೇ ಸಲ ಕೇಳ್ತಿದ್ರೇನು?

ಲಾಸೂರಿನ ಘಾಟಿನ್ಯಾಗ ಕಾನ್ಹಾ ಅನ್ನೋ ಸರದಾರ ಅಡ್ಡ ನಿಂತ. ಅವನ ಕಡೆ ಇಬ್ಬರು ಹೆಣ್ಣುಮಕ್ಕಳು ಹುಲಿ ಹಂಗ ಕಾದಾಡಿದ್ರು ಅಂತ ಇಸಾಮಿ ಬರದಾನ, 1350ರಾಗ. ಅವರ ಮ್ಯಾಲೆ ಒಂದು ರೀಲ್ ನೋಡೀರೇನ್ರಿ? ಇಲ್ಲ. ರೀಲ್ ಇರೂದು ಖಿಲ್ಜಿ ಕುಣಿತದ್ದು.

ಆಮ್ಯಾಲೆ ಎರಡನೇ ಫೇಕ್ ನ್ಯೂಸ್: ‘ಈ ಎಂಟು ಸಾವಿರ ಬರೀ ಟ್ರೈಲರ್, ಹಿಂದ ದಿಲ್ಲಿಯಿಂದ ಇಪ್ಪತ್ತು ಸಾವಿರ ಸವಾರರು ಬರ್ಲಿಕತ್ತಾರ.’ ಒಬ್ಬನೂ ಬರ್ಲಿಕತ್ತಿದ್ದಿಲ್ಲ. ಆದ್ರ ದೇವಗಿರಿ ಬಳಗ ಅನ್ನೋ ಗ್ರೂಪಿನ್ಯಾಗ ಆವತ್ತು ರಾತ್ರಿ ಏನೇನು ಬಿದ್ದಿರಬೇಕು ವಿಚಾರ ಮಾಡ್ರಿ. ‘ಪಕ್ಕಾ ಮೂಲಗಳಿಂದ’. ‘ನಮ್ಮ ಮಾವ ಎಲಿಚಪುರದಾಗ ಕಣ್ಣಾರೆ ನೋಡ್ಯಾನ’. ‘ಎಲ್ಲಾರಿಗೂ ಮುಟ್ಟಿಸ್ರಿ’. ಅಡ್ಮಿನ್ ರಾಮಚಂದ್ರ ಕೋಟಿ ಬಾಗಿಲಾ ಹಾಕಿಸಿದ.

ಕೋಟಿಯೊಳಗ ಕಾಳುಕಡಿ ಬೇಕಲ್ರಿ. ಹೊರಗ ಕೊಂಕಣದ ಕಡಿಂದ ಬಂದ ವ್ಯಾಪಾರಿಗಳು ಚೀಲದ ರಾಶಿ ಬಿಟ್ಟು ಓಡಿದ್ರು, ಎರಡು–ಮೂರು ಸಾವಿರ ಚೀಲ. ದಬದಬ ಒಳಗ ಎಳಕೊಂಡ್ರು. ಯಾರೂ ಬಾಯಿ ಬಿಚ್ಚಿ ನೋಡಲಿಲ್ಲ. ದವಸ ಅಂತ ಒಬ್ಬ ಅಂದ, ದವಸ ಅಂತ ಇನ್ನೊಬ್ಬ ಮುಂದಿನವಗ ದಾಟಿಸಿದ, ಕಡೀಕ ಗೋಡಾನಿನ್ಯಾಗ ದವಸ ಅಂತ ಪೇರಿಸಿದ್ರು. ಥಂಬ್ಸ್‌ಅಪ್, ಥಂಬ್ಸ್‌ಅಪ್, ಕೈ ಮುಗಿದ ಇಮೋಜಿ.

ಖಿಲ್ಜಿ ಜೋಡಿ ಅರಸ ರಾಜಿ ಮಾಡ್ಕೊಂಡ, ರೊಕ್ಕ ಕೊಡೂದು ಠರಾವಾತು. ಅಷ್ಟರಾಗ ಶಂಕರದೇವ ತಿರುಗಿ ಬಂದ. ಅಪ್ಪ ಬ್ಯಾಡ ಅಂದ್ರೂ ಕೇಳಲಿಲ್ಲ, ಯುದ್ಧಕ್ಕ ನಿಂತ. ಮತ್ತ ಗೆದ್ದೂ ಬಿಡ್ತಿದ್ದ! ಖಿಲ್ಜಿ ಕಡೆಯವರು ಹಿಂದ ಸರೀಲಿಕತ್ತಿದ್ರು. ಕೋಟಿ ಕಾಯಲಿಕ್ಕೆ ಬಿಟ್ಟಿದ್ದ ಮಲಿಕ್ ನುಸ್ರತ್ ಅನ್ನಾಂವ ತನ್ನ ಒಂದು ಸಾವಿರ ಕುದುರಿ ತಗೊಂಡು ಧೂಳೆಬ್ಬಿಸ್ಕೋತ ಓಡಿ ಬಂದ. ಧೂಳು ನೋಡಿದ ಸೇವುಣ ಸೈನಿಕರು ಏನಂದ್ರು? ‘ದಿಲ್ಲಿಯ ಇಪ್ಪತ್ತು ಸಾವಿರ ಬಂತೋ!’ ಓಡಿದ್ರು.

ಧೂಳು ಕಣ್ರೀ. ಬರೀ ಧೂಳು. ಮೊದಲ ಫಾರ್ವರ್ಡ್ ತಲ್ಯಾಗ ಕೂತಿತ್ತು, ಮಸಕಾದ ಒಂದು ಫೋಟೊ ಕಂಡಿದ್ದ ತಡ, ಪ್ರೂಫ್ ಸಿಕ್ಕಂಗಾತು. ನಿಮ್ಮ ಲೇಔಟಿನ್ಯಾಗ ಚಿರತಿ ಬಂದಿತ್ತಲ್ಲ ಹೋದ ವರ್ಷ? ಸಿಸಿಟಿವಿಯೊಳಗ? ಮೂರು ದಿನ ವಾಕಿಂಗ್ ಬಿಟ್ಟಿದ್ರಿ. ಆಮ್ಯಾಲೆ ಅದು ಎದುರಮನಿ ಟಾಮಿ ಅಂತ ತಿಳೀತು. ‘ಸ್ಪಷ್ಟನೆ’ ಅಂತ ಬಂದ ಮೆಸೇಜನ್ನ ನೀವು ಯಾರಿಗೂ ಕಳಿಸಲಿಲ್ಲ.

ಮಗ ಸೋತ ಮ್ಯಾಲೆ ರಾಮಚಂದ್ರ ಹೋಗ್ಲಿ ಕೋಟಿಯೊಳಗ ಕೂತು ತಡೀತೀನಿ ಅಂದ್ಕೊಂಡ. ಚೀಲ ಬಿಚ್ಚಿಸಿದ. ಉಪ್ಪು! ಇನ್ನೊಂದು ಬಿಚ್ಚಿಸಿದ. ಉಪ್ಪು. ಎಲ್ಲಾ ಉಪ್ಪು. ಊಟಕ್ಕ ಕೂತವರ ಎಲಿ ಮೂಲ್ಯಾಗ ಒಂದು ಚಿಟಿಕಿ ಬಡಸ್ತಾರಲ್ಲ, ಅದು ಮೂರು ಸಾವಿರ ಚೀಲ ಬಂದದ, ಅನ್ನ ಇಲ್ಲ. ಶರಣಾಗೂದು ಬಿಟ್ಟು ಬ್ಯಾರೆ ಹಾದಿ ಇದ್ದಿಲ್ಲ. ಖಿಲ್ಜಿ 600 ಮಣ ಚಿನ್ನ ತಗೊಂಡು ಹೋದ ಅಂತ ಫಿರಿಸ್ತಾ ಲೆಕ್ಕ ಕೊಡ್ತಾನ. ಜೋಡಿ ಮುತ್ತು, ರತ್ನ, ಬೆಳ್ಳಿ, ರೇಷ್ಮಿ. ಅದ ವರ್ಷ ಕಾಕಾನ್ನ ಕೊಲ್ಲಿಸಿ, ಆ ಚಿನ್ನಾನ ಚೆಲ್ಲಿ ಸುಲ್ತಾನ ಆದ.

ಈಗ ನಿಮಗ ಖುಷಿ ಆಗಿರಬೇಕು. ‘ಎಂಥಾ ಮಂದೀನೋ, ಒಂದು ಚೀಲ ಬಿಚ್ಚಿ ನೋಡಬಾರದಿತ್ತಾ’ ಅಂತ ತಲಿ ಅಲ್ಲಾಡಿಸ್ಲಿಕತ್ತೀರಿ. ಈ ಕತೀನ ಯಾರಿಗೆ ಕಳಿಸೋದು ಅಂತ ಕೂಡ ಮನಸ್ಸಿನ್ಯಾಗ ಪಟ್ಟಿ ರೆಡಿ ಆಗ್ಯದ, ಹೌದಲ್ಲೋ?

ಸ್ವಲ್ಪ ತಡೀರಿ. ಈ ಉಪ್ಪಿನ ಕತಿ, ಧೂಳಿನ ಕತಿ ಬರದಾಂವನೂ ಅದ ಫಿರಿಸ್ತಾ. ಅವನು ಯಾವಾಗಿನವ? ಇಬ್ರಾಹಿಂ ಆದಿಲ್‌ಶಾಹ ಆಳೋವಾಗ, 1600 ದಾಟಿದ ಮ್ಯಾಲೆ, ನಮ್ಮ ವಿಜಾಪುರದಾಗ ಕೂತು ಬರದಾಂವ. ಅಂದ್ರ ಮುನ್ನೂರು ವರ್ಷ ಆದಮ್ಯಾಲೆ! ಕತಿ ನೆತ್ತಿ ಮ್ಯಾಲೆ ಎರಡು ಬಾಣದ ಗುರ್ತು ಹಾಕಿ, ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅಂತ ಬರೀಬೇಕಾಗಿತ್ತು. ಬಿಚ್ಚಿ ನೋಡದ ಚೀಲದ ಕತೀನ ನೀವು ಬಿಚ್ಚಿ ನೋಡದ ನಂಬಿದ್ರಿ.

(ನಾನೂ ಹಂಗ. ಈ ಕತಿ ಕೇಳಿದ ದಿನ ಐದು ಗ್ರೂಪಿಗೆ ಹಾಕಿದ್ದೆ. ಫಿರಿಸ್ತಾ ಯಾವ ಕಾಲದವ ಅಂತ ನೋಡಿದ್ದು ಮರುದಿನ.)

ದೇವಗಿರಿಗೆ ಇದ ಹಣೆಬರಹ ಇರಬೇಕು. 1327ರಾಗ ಮುಹಮ್ಮದ್ ಬಿನ್ ತುಘಲಕ ದಿಲ್ಲಿಯಿಂದ ರಾಜಧಾನೀನ ಇಲ್ಲಿಗೆ ಎತ್ತಿಕೊಂಡು ಬಂದ, ದೌಲತಾಬಾದ್ ಅಂತ ಹೆಸರಿಟ್ಟ. ಬರೂದಿಲ್ಲ ಅಂದ ಒಬ್ಬ ಕುರುಡನ್ನ ದಿಲ್ಲಿಯಿಂದ ದರದರ ಎಳಕೊಂಡು ಬಂದ್ರು, ಇಲ್ಲಿ ಮುಟ್ಟೂದ್ರಾಗ ಅವನ ಒಂದು ಕಾಲಷ್ಟ ಉಳದಿತ್ತು ಅಂತ ಇಬ್ನ್ ಬತೂತಾ ಬರದಾನ. ಅವನು ದಿಲ್ಲಿಗೆ ಕಾಲಿಟ್ಟಿದ್ದು ಅದೆಲ್ಲ ಆಗಿ ಹೋದ ಮ್ಯಾಲೆ, 1334ರ ಸುಮಾರಿಗೆ. ಅವನಿಗೂ ಯಾರೋ ಫಾರ್ವರ್ಡ್ ಮಾಡಿದ್ದ.

ಸಿನ್ನರಿನಿಂದ ಬಂದ ಮ್ಯಾಲೆ ಗೋಂದೇಶ್ವರದ ಒಂದು ಫೋಟೊ ನಮ್ಮ ಬಳಗದ ಗ್ರೂಪಿಗೆ ಹಾಕಿದೆ. ನಾಯಿ ಕಾಣದಂಗ ಕ್ರಾಪ್ ಮಾಡಿ. ಕೆಳಗ ಸೇವುಣರು, ಲಚ್ಚಿಯವ್ವೆ, ಭೂಮಿಜ ಶೈಲಿ ಅಂತ ಎಂಟು ಸಾಲು ಬರದೆ. ‘ರೀಡ್ ಮೋರ್’ ಯಾರೂ ಒತ್ತಲಿಲ್ಲ. ಎರಡು ನಿಮಿಷಕ್ಕ ಕಾಕಾನ ಉತ್ತರ ಬಂತು: ‘ಜಕಣಾಚಾರಿ ಕೈಚಳಕಕ್ಕೆ ಸಾಟಿ ಇಲ್ಲ’. ಅದಕ್ಕ ಇಪ್ಪತ್ತಮೂರು ಲೈಕ್.

ಹಂಗಲ್ಲ ಕಾಕಾ ಅಂತ ಟೈಪ್ ಮಾಡಿದೆ. ಅಳಿಸಿದೆ. ಕೈ ಮುಗಿದ ಇಮೋಜಿ ಹಾಕಿ ಮಲಕೊಂಡೆ.

ಮುಂದಿನ ಸಲ ಶಿರಡಿಗೆ ಹೋದಾಗ ಸಿನ್ನರಿನ್ಯಾಗ ಡ್ರೈವರ್ ಗಾಡಿ ನಿಲ್ಲಸ್ತಾನ, ನಿಲ್ಲಿಸೇ ನಿಲ್ಲಸ್ತಾನ. ವಡಾಪಾವ್ ಕೈಯಾಗ ಹಿಡಕೊಂಡ ಊರೊಳಗ ಹೊಕ್ಕು ಬರ್ರಿ. ಅಂವ ಹಾರ್ನ್ ಹೊಡದ ಹೊಡೀತಾನ. ಹೊಡೀಲಿ, ಉಳದ ಹದಿನೈದು ಮಂದಿ ಹೆಂಗಿದ್ರೂ ಫೋನ್ ನೋಡ್ಕೋತ ಕೂತಿರ್ತಾರ.